ಗಾಬರಿ ಆಗ್ಬೇಡಮ್ಮ

ನಮ್ಮ ವಂಶದಲ್ಲಿ ಇದುವರೆಗೆ ಯಾರಿಗೂ ಹೃದಯಾಘಾತವಾಗಿಲ್ಲ. ಇದಕ್ಕೆ ರಾಗಿಮುದ್ದೆ ಕಾರಣ ಎನ್ನುವವರಿದ್ದಾರೆ, ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿ ಕಾರಣ ಎನ್ನುವವರೂ ಇದ್ದಾರೆ. ಪಾಪ, ಅವರಿಗೆ ನಮ್ಮ ಚಿಕ್ಕಪ್ಪನ ಪರಿಚಯವಿಲ್ಲ! ನಮ್ಮ ಎದೆಗಳು ಇಷ್ಟು ಗಟ್ಟಿಯಾಗಿದ್ದರೆ ಅದು ಚಿಕ್ಕಪ್ಪ ಫೋನಿನಲ್ಲಿ ವರ್ಷಾನುಗಟ್ಟಲೆ ಕೊಟ್ಟ ತರಬೇತಿಯ ಫಲ. ನಿಲ್ಲಬೇಕಾದ ಎದೆಯಾಗಿದ್ದರೆ ಎಂದೋ ನಿಂತುಹೋಗಿರಬೇಕಿತ್ತು.

ಚಿಕ್ಕಪ್ಪ ದಿಬ್ಬೂರಹಳ್ಳಿಯ ಹತ್ತಿರ ನಮ್ಮೂರಿನಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ನಾನು ಚಿಕ್ಕಬಳ್ಳಾಪುರದ ಒಂದು ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮಾಡುತ್ತೇನೆ. ನಮ್ಮಿಬ್ಬರ ನಡುವೆ ಶಿಡ್ಲಘಟ್ಟವಿದೆ, ಒಂದಿಷ್ಟು ಕೆರೆಗಳಿವೆ, ತಗ್ಗುದಿಣ್ಣೆಯ ರಸ್ತೆಯಿದೆ. ಇವಿಷ್ಟೇ ಇದ್ದಿದ್ದರೆ ತೊಂದರೆಯಿರಲಿಲ್ಲ. ಜೊತೆಗೆ ಒಂದು ಮೊಬೈಲೂ ಇದೆಯಲ್ಲ!

"ಹಲೋ, ಏನಮ್ಮ... ಗಾಬರಿ ಆಗ್ಬೇಡ."

ಚಿಕ್ಕಪ್ಪನ ಪ್ರತಿ ಫೋನೂ ಶುರುವಾಗುವುದು ಹೀಗೆ. ಅಷ್ಟು ಹೇಳಿ ಅವರು ನಿಲ್ಲಿಸುತ್ತಾರೆ. ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಚೆ ಯಾರೋ ಹೋಗುತ್ತಿರುತ್ತಾರೆ, ಅವರನ್ನು ಕೂಗಿ, "ಏಯ್, ಆ ಸೊಪ್ಪು ನೆರಳಿಗೆ ಹಾಕ್ರೋ, ಬಾಡೋಗ್ತದೆ!" ಎನ್ನುತ್ತಾರೆ. ಈ ಕಡೆ ನನ್ನ ಕಣ್ಣ ಮುಂದೆ ಊರಿನ ಮನೆಯ ಪ್ರತಿಯೊಬ್ಬರ ಮುಖವೂ ಬಂದು ಹೋಗುತ್ತಿರುತ್ತದೆ. ಅಮ್ಮನಿಗೇನಾದರೂ? ಚಿಕ್ಕಮ್ಮ ಬಚ್ಚಲಲ್ಲಿ ಜಾರಿದರೇ? ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿರುತ್ತದೆ.

"ಚಿಕ್ಕಪ್ಪ, ಏನಾಯ್ತು ಹೇಳಿ!"

"ಅವರೆಕಾಯಿ ಕಳಿಸಿದೀನಿ. ಬಸ್ ಸ್ಟ್ಯಾಂಡ್ ಹತ್ರ ಹೋಗಿ ಈಸ್ಕೊ."

ಹೀಗೆ ಭಯಪಟ್ಟು ತಂದ ಅವರೆಕಾಯಿಯ ಹುಳಿಗೆ ರುಚಿ ಇರುತ್ತದೆಯೇ? ಇರುತ್ತದೆ, ಸುಳ್ಳು ಹೇಳಬಾರದು. ಆದರೆ ತಿನ್ನುವಾಗಲೂ ಒಂದು ಕಣ್ಣು ಫೋನಿನ ಮೇಲೇ ಇರುತ್ತದೆ.

ಈ ಮಾತಿಗೆ ಒಂದು ಜೊತೆ ಮಾತೂ ಇತ್ತು. ಯಾರಾದರೂ ಮನೆಗೆ ಬಂದು ವಾಪಸು ಹೊರಟರೆ, ಚಿಕ್ಕಪ್ಪನ ಬಾಯಲ್ಲಿ ಅವರು "ಹೋಗ್ಬಿಟ್ರು". ಹೊರಟರು ಎನ್ನಬಹುದು, ಬಸ್ಸು ಹತ್ತಿದರು ಎನ್ನಬಹುದು. ಊಹೂಂ! ಒಂದು ಸಂಜೆ ನನ್ನ ಅಣ್ಣನಿಗೆ ಫೋನ್ ಮಾಡಿದರು. ಅಣ್ಣ ಇರುವುದು ಗೌರಿಬಿದನೂರಿನಲ್ಲಿ.

"ಗಾಬರಿ ಆಗ್ಬೇಡಪ್ಪ. ಚಿಂತಾಮಣಿ ಮಾವ ಹೋಗ್ಬಿಟ್ರು."

ಅಷ್ಟರಲ್ಲಿ ಚಿಕ್ಕಪ್ಪನ ಮೊಬೈಲಿನ ಚಾರ್ಜು ಮುಗಿಯಿತು. ಚಿಂತಾಮಣಿಯ ಮಾವ ಎಂದರೆ ನಮ್ಮ ಅಮ್ಮನ ತಮ್ಮ, ಎರಡು ದಿನ ಊರಿಗೆ ಬಂದಿದ್ದವರು. ಅಣ್ಣ ಅಳುತ್ತಾ ದೊಡ್ಡ ಹಾರ ಕಟ್ಟಿಸಿಕೊಂಡು, ಅತ್ತಿಗೆಯನ್ನೂ ಅಳಿಸುತ್ತಾ ಕಾರಿನಲ್ಲಿ ಚಿಂತಾಮಣಿಗೆ ಹೋದ. ಮನೆ ಮುಂದೆ ಜನವಿಲ್ಲ, ಶಾಮಿಯಾನವಿಲ್ಲ. ಬಾಗಿಲು ತೆಗೆದದ್ದು ಸಾಕ್ಷಾತ್ ಮಾವ! ಬನಿಯನ್ನಿನಲ್ಲಿ ನಿಂತಿದ್ದಾರೆ, ಕೈಯಲ್ಲಿ ಅರ್ಧ ತಿಂದ ಸೀಬೆಹಣ್ಣು.

"ಏನೋ ಇಷ್ಟೊತ್ನಲ್ಲಿ? ಯಾರಿಗೋ ಈ ಹಾರ?"

ಅಣ್ಣನ ಸಮಯಪ್ರಜ್ಞೆ ದೊಡ್ಡದು. "ನಿಮಗೇ ಮಾವ. ರಿಟೈರ್ ಆದಾಗ ನಮಗೆ ಬರಕ್ಕಾಗ್ಲಿಲ್ವಲ್ಲ... ಒಂದು ಸಣ್ಣ ಸನ್ಮಾನ" ಎಂದು ಹಾಕಿಯೇಬಿಟ್ಟ. ಮಾವನಿಗೆ ಕಣ್ಣಲ್ಲಿ ನೀರು. ಅತ್ತಿಗೆಯ ಕಣ್ಣಲ್ಲಂತೂ ಮೊದಲಿಂದಲೇ ಇತ್ತು! ಮಾವ ಫೋಟೋ ತೆಗೆಸಿಕೊಂಡು ಆ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಹಾರ ಹಾಕಿಕೊಂಡು ಗೋಡೆಯ ಮೇಲಿರುವ ಮಾವನನ್ನು ಕಂಡು, ಗೊತ್ತಿಲ್ಲದವರು ಅತ್ತೆಗೆ ಸಮಾಧಾನ ಹೇಳಿ ಹೋಗುತ್ತಾರಂತೆ.

ಅಣ್ಣ ಜಗಳಕ್ಕೆ ಹೋದಾಗ ಚಿಕ್ಕಪ್ಪ ಒಂದೇ ಮಾತು ಹೇಳಿದರು. "ಹೋದ್ರು ಅಂದೆ. ಬಸ್ಸಲ್ಲಿ ಹೋದ್ರು. ಬಂದೋರು ಹೋಗ್ಬಾರ್ದೇನಪ್ಪ?"

ನನ್ನ ಮದುವೆ ಆದದ್ದೇ ಒಂದು ಪವಾಡ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನನಗೆ ಅಪ್ಪ ಇರಲಿಲ್ಲವಾದ್ದರಿಂದ ಮಾತುಕತೆಗೆ ಕೂತದ್ದು ಚಿಕ್ಕಪ್ಪ. ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು. ಕಾಫಿ ಬಂತು. ಇದ್ದಕ್ಕಿದ್ದಂತೆ ಚಿಕ್ಕಪ್ಪ ಮುಂದಕ್ಕೆ ಬಾಗಿ, "ಗಾಬರಿ ಆಗ್ಬೇಡಿ. ಹುಡುಗಿ ವಿಷ್ಯದಲ್ಲಿ ಒಂದು ಮಾತು ಮೊದ್ಲೇ ಹೇಳ್ಬಿಡ್ಬೇಕು" ಎಂದರು.

ನನ್ನ ಭಾವಿ ಅತ್ತೆ ಲೋಟ ಕೆಳಗಿಟ್ಟರು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡರು. ಏನಿರಬಹುದು? ನನಗೇ ಗೊತ್ತಿಲ್ಲದ ನನ್ನ ಕಾಯಿಲೆಯೇ?

"ಈ ಕಾಫಿ ಅವಳು ಮಾಡಿದ್ದಲ್ಲ. ಅವಳ ಚಿಕ್ಕಮ್ಮ ಮಾಡಿದ್ದು. ಅವಳಿಗೆ ಕಾಫಿ ಮಾಡಕ್ಕೆ ಬರಲ್ಲ."

ಹುಡುಗ ಜೋರಾಗಿ ನಕ್ಕುಬಿಟ್ಟ. "ಅಷ್ಟೇನಾ? ನನಗೆ ಬರುತ್ತೆ ಬಿಡಿ" ಎಂದ. ಆ ಹುಡುಗನೇ ನಮ್ಮನೆಯವರು. ಇವತ್ತಿಗೂ ಬೆಳಗಿನ ಕಾಫಿ ಅವರದ್ದೇ.

ಆದರೆ ನಗುತ್ತಿದ್ದ ಅವರೂ ಚಿಕ್ಕಪ್ಪನ ಬಲೆಗೆ ಬೀಳದೆ ಉಳಿಯಲಿಲ್ಲ. ಮದುವೆಯಾದ ಹೊಸತು. ನಾನು ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂದಿದೆ. "ಗಾಬರಿ ಆಗ್ಬೇಡಪ್ಪ. ಮನೇಲಿ ಒಂದೂ ಬಿಡದಂಗೆ ಎಲ್ಲಾ ಜ್ವರ. ನಮಗಿನ್ನ ಬರಕ್ಕಾಗಲ್ಲ." ನಾನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಇವರು ತಾವು ಪಾಠ ಮಾಡುವ ಶಾಲೆಗೆ ರಜೆ ಹೇಳಿ, ಜ್ವರದ ಮಾತ್ರೆ, ಬ್ರೆಡ್ಡು, ಎಳನೀರು ತಂದು ಬೈಕಿಗೆ ಕಟ್ಟುತ್ತಿದ್ದಾರೆ! ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಸುಮ್ಮನೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ ಎಂದು ಪೇಟೆಯಲ್ಲಿ ಬೆಳೆದ ಈ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು? ಎಳನೀರನ್ನು ನಾವೇ ಕುಡಿದೆವು.

ಇಷ್ಟೆಲ್ಲ ಹೆದರಿಸುವ ಚಿಕ್ಕಪ್ಪನಿಗೆ ಹೆದರಿಕೆಯೇ ಇಲ್ಲವೇ ಎಂದು ನೀವು ಕೇಳಬಹುದು. ಒಂದು ಮಾತಿಗೆ ಅವರು ಹೆದರುತ್ತಿದ್ದರು. ಹೆದರುತ್ತಿದ್ದರೋ ಸಿಟ್ಟಾಗುತ್ತಿದ್ದರೋ ಬಿಡಿಸಿ ಹೇಳುವುದು ಕಷ್ಟ. ಆ ಮಾತು "ಏನಿಲ್ಲ". ನಾವೆಲ್ಲ ದಿನಕ್ಕೆ ನೂರು ಸಲ ಆಡುವುದಿಲ್ಲವೇ? ಯಾಕೆ ಮುಖ ಸಣ್ಣಗಾಗಿದೆ ಎಂದರೆ ಏನಿಲ್ಲ. ಯಾಕೆ ಬಂದೆ ಎಂದರೆ ಏನಿಲ್ಲ, ಸುಮ್ನೆ. ಅದು ಕಿವಿಗೆ ಬಿದ್ದರೆ ಚಿಕ್ಕಪ್ಪನ ಮೀಸೆ ನೆಟ್ಟಗಾಗುತ್ತಿತ್ತು.

"ಏನಿಲ್ಲ ಅಂದ್ರೆ ಏನು? ಏನೋ ಇರೋದಕ್ಕೇ ತಾನೆ ಬಾಯಿ ತೆಗೆದಿದ್ದು? ಏನಿದೆ ಅದು ಹೇಳು!"

ಪಕ್ಕದ ತೋಟದವರು ಒಮ್ಮೆ ಬಂದು ಕೂತು, ಮಳೆಯ ಮಾತಾಡಿ, ರೇಷ್ಮೆಗೂಡಿನ ರೇಟು ಮಾತಾಡಿ, ಮತ್ತೆ ಮಳೆಗೇ ಬಂದರು. ಏನು ಬಂದದ್ದು ಎಂದು ಚಿಕ್ಕಪ್ಪ ಕೇಳಿದರೆ, "ಏನಿಲ್ಲಣ್ಣ" ಎಂದವರು ನಾಲಿಗೆ ಕಚ್ಚಿಕೊಂಡು, ತಪ್ಪಿಸಿಕೊಳ್ಳಲು ಅದೇ ಮಾತು ಹಿಡಿದು ತೆಲುಗಿಗೆ ಹಾರಿದರು. "ಏಮೀ ಲೇದನ್ನಾ, ಊರ್ಕೆ..."

"ಭಾಷೆ ಬದಲಾಯಿಸಿಬಿಟ್ರೆ ಸುಳ್ಳು ನಿಜ ಆಗ್ಬಿಡ್ತದೇನೋ?" ಎಂದು ಚಿಕ್ಕಪ್ಪ ಎದ್ದು ನಿಂತರು. ತೋಟದವರು ಬಂದದ್ದು ಔಷಧಿ ಹೊಡೆಯುವ ಪಂಪು ಕೇಳಲು. ಆ ಹೆದರಿಕೆಯಲ್ಲಿ ಪಂಪು ಬಿಟ್ಟು, ತಮ್ಮ ಟವೆಲ್ಲನ್ನೂ ಬಿಟ್ಟು ಹೋದರು.

ನಮ್ಮ ಮನೆಯವರೆಲ್ಲ ಸೇರಿ ಚಿಕ್ಕಪ್ಪನನ್ನು ತಿದ್ದಲು ಒಮ್ಮೆ ಪ್ರಯತ್ನಪಟ್ಟೆವು. ಮೊದಲು ವಿಷಯ ಹೇಳಿ, ಆಮೇಲೆ ಬೇಕಾದರೆ ಗಾಬರಿಯ ಮಾತು ಎತ್ತಿ ಎಂದು ಅಣ್ಣ ಕೂರಿಸಿಕೊಂಡು ಬುದ್ಧಿ ಹೇಳಿದ. ಚಿಕ್ಕಪ್ಪ ಒಪ್ಪಿಕೊಂಡರು. ಮರುದಿನ ಫೋನ್ ಬಂತು.

"ಹುಣಸೆಹಣ್ಣು," ಎಂದರು ಚಿಕ್ಕಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಗಾಬರಿ ಆಗ್ಬೇಡ."

ನಾವು ಕೈಬಿಟ್ಟೆವು.

ಇನ್ನು ಹೇಳಬೇಕಾದದ್ದು ನಗುವ ವಿಷಯವಲ್ಲ. ಅವತ್ತು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಮಕ್ಕಳು ಲೋಲಕ ತೂಗಿಬಿಟ್ಟು ಎಣಿಸುತ್ತಿದ್ದರು. ನನ್ನ ಫೋನ್ ಹೊಡೆದುಕೊಂಡಿತು. ನಮ್ಮನೆಯವರು ದಿಬ್ಬೂರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು, ದಿನಾ ಬೈಕಿನಲ್ಲಿ ಹೋಗಿಬರುತ್ತಾರೆ. ಫೋನ್ ಆ ಶಾಲೆಯ ಹೆಡ್‌ಮಾಸ್ಟರರದ್ದು.

"ಏನಿಲ್ಲ ಮೇಡಂ, ಸುಮ್ನೆ ಮಾಡ್ದೆ. ಮನೇಲಿ ಗಂಡಸರು ಯಾರಾದ್ರೂ ಇದ್ದಾರಾ?"

"ನಾನು ಕಾಲೇಜಲ್ಲಿದೀನಿ ಸಾರ್. ಯಾಕೆ?"

"ಏನಿಲ್ಲ, ಏನಿಲ್ಲ. ಇರ್ಲಿ ಬಿಡಿ."

ಫೋನ್ ಕಟ್ಟಾಯಿತು. ನಾನು ಕೂಡಲೇ ನಮ್ಮನೆಯವರಿಗೆ ಮಾಡಿದೆ. ರಿಂಗಾಯಿತು, ಯಾರೂ ತೆಗೆಯಲಿಲ್ಲ. ಮತ್ತೆ ಮಾಡಿದೆ, ಸ್ವಿಚ್ ಆಫ್. ಹೆಡ್‌ಮಾಸ್ಟರಿಗೆ ಮಾಡಿದೆ, ಬಿಜಿ. ಅಷ್ಟರಲ್ಲಿ ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರು ಮಾಡಿದರು.

"ಊಟ ಆಯ್ತಾ ಮೇಡಂ?"

"ಇಲ್ಲ. ಏನಾಗಿದೆ ಸಾರ್? ಅವರೆಲ್ಲಿದ್ದಾರೆ?"

"ಏನೂ ಇಲ್ಲ ಮೇಡಂ. ಮೊದ್ಲು ನೀವು ಊಟ ಮಾಡ್ಬಿಡಿ. ಖಾಲಿ ಹೊಟ್ಟೇಲಿರ್ಬೇಡಿ."

ನಮ್ಮ ಕಡೆ ಹೀಗೆ ಒತ್ತಾಯ ಮಾಡಿ ಊಟ ಮಾಡಿಸುವುದು ಯಾವಾಗ ಎಂದು ಯಾರಿಗೆ ಗೊತ್ತಿಲ್ಲ? ಸಾವಿನ ಮನೆಗೆ ಕರೆದುಕೊಂಡು ಹೋಗುವ ಮುಂಚೆ. ಕೊನೆಗೆ ಫೋನ್ ಮಾಡಿದವಳು ಚಿಂತಾಮಣಿಯಲ್ಲಿರುವ ನನ್ನ ನಾದಿನಿ. "ಏನಿಲ್ಲ ಅತ್ಗೆ..." ಎಂದಳು. ಅಷ್ಟೇ. ಆಮೇಲೆ ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

ನಾನು ಹೇಗೆ ಮೆಟ್ಟಿಲಿಳಿದೆನೋ ತಿಳಿಯದು. ಎಲ್ಲಿಗೆ ಹೋಗಬೇಕೆಂದೂ ಯಾರೂ ಹೇಳಿರಲಿಲ್ಲ. ಅಂಗಳದ ಹೊಂಗೆಮರದ ಕೆಳಗೆ ನಿಂತು, ಬೆಳಿಗ್ಗೆ ಅವರು ಯಾವ ಬಣ್ಣದ ಶರ್ಟು ಹಾಕಿಕೊಂಡು ಹೋದರು ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲೇ ಇಲ್ಲ. ಯಾರಾದರೂ ಬಂದು ಶರ್ಟಿನ ಬಣ್ಣ ಕೇಳಿಯೇ ಕೇಳುತ್ತಾರೆ, ನನಗೆ ಹೇಳಲು ಬರುವುದಿಲ್ಲ ಎಂಬ ಒಂದು ಹುಚ್ಚು ಭಯ ನನ್ನನ್ನು ಹಿಡಿದುಕೊಂಡಿತು. ಕಾಫಿ ಕುಡಿಯುವಾಗ ಎದುರಿಗೇ ಕೂತಿದ್ದರಲ್ಲ, ನಾನು ಫೋನ್ ನೋಡುತ್ತಿದ್ದೆನೇ?

ಆಗ ಗೇಟಿನಲ್ಲಿ ಒಂದು ಲಗೇಜ್ ಆಟೋ ಬಂದು ನಿಂತಿತು. ಚಿಕ್ಕಪ್ಪ ಇಳಿದರು.

ಅವರು ನನ್ನ ಕಡೆ ನಡೆದು ಬರುವುದನ್ನು ನೋಡುತ್ತಾ ನಿಂತೆ. ಆ ಮಾತು ಅವರ ಬಾಯಿಂದ ಈಗ ಬರುತ್ತದೆ, ಬಂದರೆ ನಾನು ಇಲ್ಲೇ ಬೀಳುತ್ತೇನೆ ಎನ್ನಿಸಿತು. ಚಿಕ್ಕಪ್ಪ ಓಡಲಿಲ್ಲ. ಹತ್ತಿರ ಬಂದು ನನ್ನ ರಟ್ಟೆ ಹಿಡಿದು ಮರದ ಕಟ್ಟೆಯ ಮೇಲೆ ಕೂರಿಸಿ, ತಾವು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು.

"ನಿನ್ನ ಗಂಡ ಬದುಕಿದಾನೆ. ನಾನು ಕಣ್ಣಾರೆ ನೋಡ್ಕೊಂಡು ಬರ್ತಿದೀನಿ," ಎಂದರು. "ಬೈಕು ಬಿತ್ತು. ಟ್ರಾಕ್ಟರ್ ಅಡ್ಡ ಬಂತಂತೆ. ಎಡಗಾಲು ಮುರಿದಿದೆ. ಮೂಳೆ ಹೊರಕ್ಕೆ ಬಂದಿದೆ, ನೀನು ನೋಡ್ಬೇಡ. ಹೆಲ್ಮೆಟ್ ಇತ್ತು, ತಲೆಗೇನೂ ಆಗಿಲ್ಲ. ಮಾತಾಡ್ತಿದಾನೆ, ನಿನ್ನ ಹೆಸರು ಹೇಳ್ದ. ಹೊಟ್ಟೆ ಒಳಗೆ ಏಟು ಬಿದ್ದಿದೆಯೋ ಇಲ್ವೋ ಸ್ಕ್ಯಾನ್ ಮಾಡಿ ಹೇಳ್ತೀವಿ ಅಂದ್ರು ಆಸ್ಪತ್ರೇಲಿ. ಅದು ನನಗಿನ್ನೂ ಗೊತ್ತಿಲ್ಲ. ಗೊತ್ತಿರೋದು ಇಷ್ಟು."

"ನಿಜ ಹೇಳಿ ಚಿಕ್ಕಪ್ಪ."

"ಇಷ್ಟೇ ಕಣಮ್ಮ. ನಿನ್ನಾಣೆಗೂ ಇಷ್ಟೇ."

ನಾನು ಏಳಲು ಹೋದೆ. ಅವರು ಬಿಡಲಿಲ್ಲ. "ಐದು ನಿಮಿಷ ಕೂತ್ಕೊ. ಗಾಬರಿ ಆಗೋದಾದ್ರೆ ಇಲ್ಲೇ ಆಗ್ಬಿಡು. ಅಳೋದಿದ್ರೆ ಅತ್ಬಿಡು. ಅಲ್ಲಿ ಅವನ ಮುಂದೆ ಬೇಡ, ಅವನೇ ಹೆದರಿದಾನೆ. ನಾನು ಕಾಯ್ತೀನಿ."

ಜೀವಮಾನದಲ್ಲಿ ಮೊದಲ ಸಲ ಚಿಕ್ಕಪ್ಪ ನನಗೆ ಗಾಬರಿಯಾಗಲು ಅಪ್ಪಣೆ ಕೊಟ್ಟಿದ್ದರು! ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಮಕ್ಕಳು ಕಿಟಕಿಗಳಿಂದ ಇಣುಕುತ್ತಿದ್ದರು. ಚಿಕ್ಕಪ್ಪ ಎದ್ದು, ಅವರಿಗೆ ನಾನು ಕಾಣದ ಹಾಗೆ ಅಡ್ಡ ನಿಂತು, ಹೊಂಗೆಮರದ ಕೊಂಬೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅತ್ತು ಮುಗಿದ ಮೇಲೆ ಆಶ್ಚರ್ಯವೆಂದರೆ, ನಾನೇ ಮೊದಲು ಎದ್ದು ಗೇಟಿನ ಕಡೆ ನಡೆದೆ.

ಆಸ್ಪತ್ರೆಯಲ್ಲಿ ಸ್ಕ್ಯಾನಿನ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತೆವು. ಒಳಗಿನಿಂದ ಯಾರೂ ಹೊರಗೆ ಬರುತ್ತಿಲ್ಲ. ಬಾಗಿಲು ಸ್ವಲ್ಪ ಅಲುಗಾಡಿದರೂ ನಾನು ಎದ್ದು ನಿಲ್ಲುತ್ತಿದ್ದೆ. ಹೆಡ್‌ಮಾಸ್ಟರು ಬಂದು ನಿಂತು, "ಏನಾಗಲ್ಲ ಮೇಡಂ" ಎಂದು ಹೇಳಿ ಗೋಡೆ ನೋಡುತ್ತಿದ್ದರು. ಅವರು ಕಾಫಿ ತರಲು ಹೋದಾಗ ಚಿಕ್ಕಪ್ಪ ತಾವಾಗಿಯೇ ಮಾತಾಡಿದರು.

"ನಮ್ಮಪ್ಪ ಹೋದಾಗ ನಾನು ಗೌರಿಬಿದನೂರಲ್ಲಿ ಹಾಸ್ಟೆಲ್ನಲ್ಲಿದ್ದೆ. ನಮ್ಮೂರೋರೊಬ್ರು ಬಂದು, 'ಏನಿಲ್ಲ ಕಣೋ, ಸುಮ್ನೆ ಬರ್ಬೇಕಂತೆ' ಅಂದ್ರು. ಅಕ್ಕನಿಗೆ ಗಂಡು ಗೊತ್ತಾಗಿರ್ಬೇಕು ಅಂದ್ಕೊಂಡೆ. ಶಿಡ್ಲಘಟ್ಟದಲ್ಲಿ ಬಸ್ ಬದಲಾಯಿಸೋವಾಗ ಬೆಂಡು ಬತ್ತಾಸು ತಗೊಂಡೆ. ಅವರು ಪಕ್ಕದಲ್ಲೇ ನಿಂತಿದ್ರು, ಬೇಡ ಅನ್ಲಿಲ್ಲ. ಮನೆ ಮುಂದೆ ಜನ ನೋಡಿ, ಗಂಡಿನ ಕಡೆಯೋರು ಅಂತ... ನಗ್ತಾ ಒಳಗೆ ಹೋದೆ ಕಣಮ್ಮ."

ನಾನು ಬೆಂಚಿನ ಮೇಲೆ ಅವರ ಹತ್ತಿರಕ್ಕೆ ಸರಿದು ಕೂತೆ.

ಬಾಗಿಲು ತೆರೆಯಿತು. ಡಾಕ್ಟರು ನಮ್ಮನ್ನು ನೋಡಿ ನಗುಮುಖ ಮಾಡಿ, "ಏನಿಲ್ಲಮ್ಮ..." ಎಂದು ಶುರುಮಾಡಿದರು.

"ಏನಿಲ್ಲ ಅಂದ್ರೆ ಏನ್ ಡಾಕ್ಟ್ರೇ?" ಚಿಕ್ಕಪ್ಪ ಬೆಂಚಿನಿಂದ ಎದ್ದ ರಭಸಕ್ಕೆ ನರ್ಸ್ ಹಿಂದೆ ಸರಿದರು. "ಏನಿದೆ ಅದು ಹೇಳಿ!"

ಆ ಡಾಕ್ಟರು ಬೆಚ್ಚಿಬಿದ್ದು ಪರೀಕ್ಷೆಗೆ ಕೂತ ಹುಡುಗನ ಹಾಗೆ ಒಂದೊಂದಾಗಿ ಒಪ್ಪಿಸಿದರು. ಹೊಟ್ಟೆಯೊಳಗೆ ರಕ್ತಸ್ರಾವ ಇಲ್ಲ. ಕಾಲಿಗೆ ಈಗಲೇ ಆಪರೇಷನ್ ಮಾಡಿ ರಾಡು ಹಾಕಬೇಕು. ಗಾಯಕ್ಕೆ ಕೀವಾಗುವ ಅಪಾಯ ಇದೆ, ಕಾದು ನೋಡಬೇಕು. ನಡೆಯಲು ತಿಂಗಳುಗಟ್ಟಲೆ ಬೇಕು. ಸ್ವಲ್ಪ ಕುಂಟು ಉಳಿದರೂ ಉಳಿಯಬಹುದು. ಕೇಳುತ್ತಾ ಕೇಳುತ್ತಾ ನನ್ನ ಭಯ ಹೋಗಲಿಲ್ಲ, ಆದರೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಯಿತು.

ಸಂಜೆ ಆಪರೇಷನ್ ಮುಗಿದು ನಮ್ಮನೆಯವರನ್ನು ವಾರ್ಡಿಗೆ ತಂದರು. ಅರೆ ಮಂಪರಿನಲ್ಲಿ ಕಣ್ಣು ಬಿಟ್ಟವರು ಮೊದಲು ನನ್ನನ್ನು ನೋಡಿದರು, ಆಮೇಲೆ ಚಿಕ್ಕಪ್ಪನನ್ನು. "ಗೂಡೆಲ್ಲಾ ಹಾಳಾಯ್ತು, ನನ್ನಿಂದ..." ಎಂದು ತೊದಲಿದರು.

"ಸುಮ್ನೆ ಮಲ್ಕೊಳಪ್ಪ," ಎಂದರು ಚಿಕ್ಕಪ್ಪ.

ಇವರ ತೊದಲು ಮಾತುಗಳನ್ನು ಒಂದೊಂದಾಗಿ ಕೂಡಿಸಿಕೊಂಡಾಗಲೇ ನನಗೆ ಪೂರ್ತಿ ಗೊತ್ತಾದದ್ದು. ಚಿಕ್ಕಪ್ಪ ಆ ಲಗೇಜ್ ಆಟೋದಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತರುತ್ತಿದ್ದಾಗ ರಸ್ತೆಯ ಪಕ್ಕ ಬಿದ್ದಿದ್ದ ಇವರನ್ನು ಕಂಡಿದ್ದರು. ಆಂಬುಲೆನ್ಸಿಗೆ ಕಾಯದೆ ಗೂಡಿನ ಮೂಟೆಗಳನ್ನೇ ಹಾಸಿಗೆಯಂತೆ ಒತ್ತರಿಸಿ, ಅದರ ಮೇಲೆ ಮಲಗಿಸಿ, ಕಾಲು ಅಲುಗಾಡದಂತೆ ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಒಂದು ಬೆಳೆ ಪೂರಾ ಆ ಆಟೋದಲ್ಲಿ ಅಪ್ಪಚ್ಚಿಯಾಗಿ ಕೂತಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಎತ್ತಿರಲಿಲ್ಲ.

ಚಿಕ್ಕಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಕತ್ತನ್ನು ಆಚೀಚೆ ತಿರುಗಿಸುತ್ತಿದ್ದರು. ಬೆಳಕಿನಲ್ಲಿ ನೋಡಿದೆ. ಅವರ ಮೈಮೇಲಿದ್ದದ್ದು ಹೊಚ್ಚಹೊಸ ಶರ್ಟು. ಎದೆಯ ಮೇಲೆ ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಅಳತೆಗೆ ದೊಡ್ಡದು, ತೋಳು ಬೆರಳವರೆಗೆ ಬಂದಿತ್ತು.

"ಇದ್ಯಾವ ಶರ್ಟು ಚಿಕ್ಕಪ್ಪ?"

"ಇಲ್ಲೇ ಬಸ್ ಸ್ಟ್ಯಾಂಡ್ ಹತ್ರ ತಗೊಂಡೆ, ನಿನ್ನ ಕಾಲೇಜಿಗೆ ಬರೋ ಮುಂಚೆ." ಅವರು ನನ್ನ ಮುಖ ನೋಡಲಿಲ್ಲ. "ಹಾಕ್ಕೊಂಡಿದ್ದಕ್ಕೆ ರಕ್ತ ಆಗ್ಬಿಟ್ಟಿತ್ತು. ಅದನ್ನ ನೋಡಿದ್ರೆ ನಾನು ಹೇಳೋ ಮಾತು ನೀನೆಲ್ಲಿ ಕೇಳಿಸ್ಕೊಳ್ತಿದ್ದೆ?"

ನಾನು ಅವರ ಹಿಂದೆ ಹೋಗಿ ನಿಂತು ಕಾಲರ್ ಎತ್ತಿದೆ. ಒಳಗಿನ ರಟ್ಟು ಹಾಗೇ ಇತ್ತು. ಅದರ ಪಕ್ಕದಲ್ಲಿ ಅಂಗಡಿಯವರು ಚುಚ್ಚಿದ್ದ ಗುಂಡುಸೂಜಿ. ಕತ್ತಿನ ಹಿಂಭಾಗದಲ್ಲಿ ಗೀರುಗಳೆದ್ದು ಕೆಂಪಾಗಿತ್ತು.

"ಅಲುಗಾಡ್ಬೇಡಿ," ಎಂದು ಹೇಳಿ ಸೂಜಿಯನ್ನು ಮೆಲ್ಲಗೆ ಎಳೆದೆ.

"ಅಬ್ಬ!" ಎಂದು ಚಿಕ್ಕಪ್ಪ ಕಣ್ಣು ಮುಚ್ಚಿದರು. "ಮಧ್ಯಾಹ್ನದಿಂದ ಚುಚ್ತಾನೇ ಇತ್ತು. ಏನು ಅಂತ ನೋಡಕ್ಕೇ ಪುರುಸೊತ್ತಾಗ್ಲಿಲ್ಲ."

ಅವರ ಭುಜ ಸಣ್ಣಗೆ ಅದುರಲು ಶುರುವಾಯಿತು. ನಾನು ಅವರಿಗೂ ವಾರ್ಡಿನ ಬಾಗಿಲಿಗೂ ಅಡ್ಡವಾಗಿ ನಿಂತುಕೊಂಡು, ಆ ಗೀರುಗಳ ಮೇಲೆ ಒದ್ದೆ ಬೆರಳು ಆಡಿಸುತ್ತಿದ್ದೆ.